ಮಣ್ಣೋರು

ಅಚ್ಚುಮನೆಯಲ್ಲಿ ಅವಳನ್ನು ಎಲ್ಲರೂ ಕೊಂಬಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೇನೂ ಕೊಂಬು ಬಂದಿರಲಿಲ್ಲ ಬಿಡಿ, ಜಂಬಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ. ಮೂವತ್ತೊಂದು ವರ್ಷಗಳಿಂದ ಅಲ್ಲಿ ಕರಡು ತಿದ್ದುತ್ತಿದ್ದವಳು ಅವಳು. ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿದ್ದರೆ ಪುಟ ಕೈಗೆ ಬರುವ ಮೊದಲೇ ಕಣ್ಣಿಗೆ ಬೀಳುತ್ತಿತ್ತು. ‘ಕುರಿ’ ಇರಬೇಕಾದಲ್ಲಿ ‘ಕರಿ’ ಎಂದು ಬಿದ್ದಿದ್ದರೆ, “ನೋಡ್ರಪ್ಪಾ, ಕೊಂಬು ಕಿತ್ತು ಕುರೀನ ಆನೆ ಮಾಡಿಟ್ಟಿದೀರ” ಎಂದು ಇಡೀ ಮಹಡಿಗೆ ಕೇಳುವಂತೆ ಹೇಳುತ್ತಿದ್ದಳು. ಹಾಗೆ ಬಿದ್ದ ಹೆಸರು ಅದು.

ಅವಳ ಮೇಜು ಮೇಲಿನ ಕೋಣೆಯ ಕಿಟಕಿಯ ಪಕ್ಕದಲ್ಲಿತ್ತು. ಮೇಜಿನ ಒಂದು ಕಾಲು ಗಿಡ್ಡ. ಅದರಡಿಗೆ ಮಡಿಸಿಟ್ಟ ಹಳೆಯ ಕರಡು ಪುಟ. ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. ಎರಡು ಪೆನ್ನು, ಒಂದು ಕೆಂಪು, ಒಂದು ಹಸಿರು. ಟೈಪು ಮಾಡಿದವರ ತಪ್ಪಿಗೆ ಕೆಂಪು, ಬರೆದವರನ್ನೇ ಕೇಳಬೇಕಾದ್ದಕ್ಕೆ ಹಸಿರು. ಬರೆದವರ ಒಂದೇ ಒಂದು ಪದವನ್ನೂ ಅವರನ್ನು ಕೇಳದೆ ಮುಟ್ಟಿದವಳಲ್ಲ. ಬೇರೆ ಯಾವುದರ ಬಗ್ಗೆ ಅಲ್ಲದಿದ್ದರೂ ಆ ಒಂದು ವಿಷಯದಲ್ಲಿ ಅವಳಿಗೆ ಹೆಮ್ಮೆಯಿತ್ತು.

ಅವಳ ಹಸಿರು ಪೆನ್ನಿಗೆ ಅತಿ ಹೆಚ್ಚು ಕೆಲಸ ಕೊಟ್ಟವರು ಗಗನ ಮೇಷ್ಟ್ರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಅಂಗೈಯಗಲದ ಕಾದಂಬರಿಗಳನ್ನು ಬರೆಯುತ್ತಿದ್ದರು. ಎಲ್ಲವೂ ಚಂದ್ರನ ಮೇಲೆ ನಡೆಯುವ ಕಥೆ. ಅಲ್ಲೊಂದು ಊರು, ಹೆಸರು ತಿಂಗಳೂರು. ಅಲ್ಲೇ ಹುಟ್ಟಿ ಬೆಳೆದ ಮೂರನೇ ತಲೆಮಾರಿನ ಜನ, ಬಾಗಿಲಿಗೆ ಬಾಗಿಲು ಹಾಕಿಕೊಂಡು, ಉಸಿರಾಡುವ ಗಾಳಿಯನ್ನೂ ಅಳೆದು ಬಳಸುತ್ತ ಬದುಕುವವರು. ಭೂಮಿಯಿಂದ ಕೆಲಸಕ್ಕೆ ಬರುವವರನ್ನು ಕಂಡರೆ ಅವರಿಗೆ ಅಸಡ್ಡೆ. ದಪ್ಪ ಕಾಲು, ದೊಡ್ಡ ದನಿ, ಗಾಳಿ ಪುಕ್ಕಟೆ ಸಿಗುತ್ತದೆಂಬಂತೆ ಏದುಸಿರು ಬಿಡುವ ಅಭ್ಯಾಸ. ಇದೆಲ್ಲ ಚೆನ್ನಾಗಿಯೇ ಇತ್ತು. ಆದರೆ ಬೈಗುಳ ಬಂದ ಕೂಡಲೇ ಮೇಷ್ಟ್ರು ಕೈಕೊಡುತ್ತಿದ್ದರು.

ಮೊದಲ ಪುಸ್ತಕದ ಕರಡಿನಲ್ಲಿ ತಿಂಗಳೂರಿನ ಕಾವಲುಗಾರನೊಬ್ಬ ಸಿಟ್ಟಿನಿಂದ ಕೂಗುತ್ತಾನೆ: “ಎಲೈ ಧರಾನಿವಾಸಿಯೇ, ಪಕ್ಕಕ್ಕೆ ಸರಿ!” ಕೊಂಬಕ್ಕ ಅಂಚಿನಲ್ಲಿ ಹಸಿರು ಪೆನ್ನಿನಿಂದ ಬರೆದಳು: “ಕಾವಲುಗಾರ ಸಂಸ್ಕೃತ ಪಂಡಿತರೇ?”

ಮಾರನೆಯ ದಿನವೇ ಮೇಷ್ಟ್ರು ಕೈಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮುಖ ಊದಿಕೊಂಡಿತ್ತು.

“ಏನಮ್ಮಾ ಇದು? ನಗೆಪಾಟಲು ಮಾಡಿಬಿಟ್ರಲ್ಲ ನನ್ನ!”

“ನಾನಲ್ಲ ಮೇಷ್ಟ್ರೇ, ಓದೋರು ನಗ್ತಾರೆ ಅಂತ ಮುಂಚೇನೇ ಹೇಳ್ದೆ. ಸಿಟ್ಟು ಬಂದೋನು ಧರಾನಿವಾಸಿ ಅಂತ ಹೇಳಿ ಮುಗಿಸೋ ಹೊತ್ತಿಗೆ ಸಿಟ್ಟೇ ಇಳಿದುಹೋಗಿರುತ್ತೆ.”

ಟೈಪು ಮಾಡುವ ಹುಡುಗಿ ಕಿವಿಯ ಮೇಲಿನ ಹೆಡ್‌ಫೋನ್ ತೆಗೆದು ಕಿಸಕ್ಕನೆ ನಕ್ಕಳು. ಮಾಲೀಕರೂ ತಮ್ಮ ಕೋಣೆಯಿಂದ ಎದ್ದು ಬಂದರು. ಭೂಮಿಯವರಿಗೆ ಚಂದ್ರನವರು ಏನೆಂದು ಅಡ್ಡಹೆಸರು ಇಡಬಹುದು ಎಂಬುದೇ ಆವತ್ತಿನ ಕೆಲಸವಾಯಿತು. ಮಾಲೀಕರು ‘ಭೂತಗಳು’ ಎಂದರು. ಭೂಮಿಯಿಂದ ಬಂದವರು, ಆದ್ದರಿಂದ ಭೂತಗಳು, ಹೇಗಿದೆ? ಚೆನ್ನಾಗಿಲ್ಲ ಎಂದು ಮಾಲೀಕರಿಗೆ ಹೇಳುವವರಾರು? ಎಲ್ಲರೂ ಕಿಟಕಿಯಾಚೆ ನೋಡಿದರು. ಹುಡುಗಿ ‘ದಪ್ಗಾಲು’ ಎಂದಳು. ‘ಗಾಳಿಬಾಕರು’ ಎಂದಳು. ಮೇಷ್ಟ್ರು ಇನ್ನೂ ‘ಪೃಥ್ವೀಪುತ್ರ’ನ ಸುತ್ತಲೇ ಸುತ್ತುತ್ತಿದ್ದರು.

“ಎರಡಕ್ಷರ, ಹೆಚ್ಚೆಂದ್ರೆ ಮೂರು,” ಎಂದಳು ಕೊಂಬಕ್ಕ. “ಉಗಿದ ಹಾಗಿರಬೇಕು. ‘ಮಣ್ಣೋರು’ ಅನ್ನಿ.”

ಮೇಷ್ಟ್ರು ಅದನ್ನು ಬಾಯಲ್ಲಿ ಒಂದೆರಡು ಸಲ ಹೊರಳಿಸಿದರು. “ಮಣ್ಣೋರು. ಮಣ್ಣೋನು. ಅಲ್ಲಮ್ಮಾ, ಮಣ್ಣು ಪವಿತ್ರ ಅಲ್ವಾ? ಬೈಗುಳ ಹೇಗಾಗುತ್ತೆ?”

“ಭಾಷಣಕ್ಕೆ ನಿಂತಾಗ ಪವಿತ್ರ, ಮೇಷ್ಟ್ರೇ. ಜಗಳಕ್ಕೆ ನಿಂತಾಗ? ಆಸ್ತಿ ಹೋದ್ರೆ ಮಣ್ಣುಪಾಲು. ಸೋತೋನು ಮಣ್ಣು ಮುಕ್ಕಿದ. ಹೊಟ್ಟೆ ಮೇಲೆ ಹೊಡೆದ್ರೆ ಬಾಯಿಗೆ ಮಣ್ಣು ಹಾಕಿದ. ಗೊತ್ತಿಲ್ದೆ ಮಾತಾಡಿದ್ರೆ ‘ನಿಂಗೇನು ಗೊತ್ತು ಮಣ್ಣು’ ಅಂತೀವಿ. ಕೊನೆಗೆ ಸತ್ತರೂ ‘ಮಣ್ಣು ಮಾಡಿ ಬಂದ್ವಿ’. ಬೈಗುಳ ಎಲ್ಲಾ ಆಗಲೇ ರೆಡಿ ಇದೆ, ನೀವು ಎತ್ತಿಕೊಂಡ್ರೆ ಸಾಕು.”

ಮೇಷ್ಟ್ರ ಕಣ್ಣು ಮಿಂಚಿತು. “ಹೇಗಮ್ಮಾ ಹೊಳೀತು ನಿಮಗೆ ಇದು?”

“ಹೀಗೇ... ಹೊಳೀತು,” ಎಂದು ಅವಳು ಕರಡಿನ ಕಡೆಗೆ ತಿರುಗಿದಳು.

ಹೊಳೆದದ್ದಲ್ಲ. ಅದು ಅವಳ ಮೈಮೇಲೆ ಬಿದ್ದ ಪದ. ಅವಳ ಅಪ್ಪ ಅಮ್ಮ ಊರಾಚೆಯ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಅಚ್ಚು ಹಾಕುವವರು. ಅಲ್ಲೇ ತಗಡಿನ ಗುಡಿಸಲು. ಅವಳೂ ಅವಳಿಗಿಂತ ಮೂರು ವರ್ಷ ದೊಡ್ಡವನಾದ ಅಣ್ಣನೂ ಅಲ್ಲಿಂದ ಊರೊಳಗಿನ ಶಾಲೆಗೆ ನಡೆದು ಬರುತ್ತಿದ್ದರು. ಕೆಂಪು ಜೇಡಿ ಹಿಮ್ಮಡಿಯ ಬಿರುಕಿನಲ್ಲಿ ಕೂತು ಒಣಗಿ, ಶಾಲೆಯ ಜಗಲಿಯ ಮೇಲೆ ಹೆಜ್ಜೆ ಹೆಜ್ಜೆಗೂ ಗುರುತು ಬೀಳುತ್ತಿತ್ತು. “ಮಣ್ಣೋರು ಬಂದ್ರು, ಕಾಲು ನೋಡ್ರೋ!” ಎಂದು ಮಕ್ಕಳೆಲ್ಲ ಕಿರುಚುತ್ತಿದ್ದರು. ಗೇಟಿನ ಪಕ್ಕ ಒಂದು ನಲ್ಲಿ. ಅಣ್ಣ ದಿನವೂ ಅಲ್ಲಿ ಅವಳ ಕಾಲು ತೊಳೆದು, ಮತ್ತೆ ಮಣ್ಣಾಗಬಾರದೆಂದು ಬೆನ್ನ ಮೇಲೆ ಹೊತ್ತು ಜಗಲಿಗೆ ಇಳಿಸುತ್ತಿದ್ದ. ಅವಳು ಹೆಜ್ಜೆ ಗುರುತಿಲ್ಲದೆ ಒಳಗೆ ಹೋಗುತ್ತಿದ್ದಳು. ಅವನು ಗುರುತು ಬಿಟ್ಟುಕೊಂಡು ಹೋಗುತ್ತಿದ್ದ. ಒಂದು ದಿನ ಯಾರೋ ಅವನಿಗಲ್ಲ, ಅವಳಿಗೆ ಆ ಮಾತು ಅಂದರು. ಅಣ್ಣ ಸ್ಲೇಟು ಬೀಸಿದ. ಅಂದವನ ಹಣೆ ಒಡೆಯಿತು. ಹೆಡ್‌ಮೇಷ್ಟ್ರು ನಾಲ್ಕನೇ ತರಗತಿಯ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದರು. ಮಾರನೆಯ ದಿನದಿಂದ ಅಣ್ಣ ಅಪ್ಪನ ಪಕ್ಕ ಕೂತು ಅಚ್ಚು ಹಾಕಿದ. ಆದರೂ ಬೆಳಿಗ್ಗೆ ಗೇಟಿನವರೆಗೆ ಬಂದು ಅವಳ ಕಾಲು ತೊಳೆಯುವುದನ್ನು ಬಿಡಲಿಲ್ಲ. ಏಳನೇ ತರಗತಿಯವರೆಗೂ.

ಇದನ್ನು ಅವಳು ಯಾರಿಗೂ ಹೇಳಿದವಳಲ್ಲ. ಅಚ್ಚುಮನೆಯವರಿಗೂ ಇಲ್ಲ, ಮಗಳಿಗೂ ಇಲ್ಲ. ಅಣ್ಣ ಗೂಡಿನಲ್ಲಿ ಕೆಲಸ ಮಾಡುತ್ತಾನೆ ಎಂದಷ್ಟೇ ಅವರಿಗೆ ಗೊತ್ತು.

ಪುಸ್ತಕ ಹೊರಬಂತು. ಮೇಷ್ಟ್ರಿಗೆ ಅಲ್ಲಿಯವರೆಗೆ ತಿಂಗಳಿಗೆ ಒಂದೆರಡು ಪತ್ರ ಬರುತ್ತಿದ್ದವು, ಈಗ ಕಟ್ಟುಗಟ್ಟಲೆ. ಪದ ಬಾಯಿಂದ ಬಾಯಿಗೆ ಹಾರಿತು. ಕಾಲೇಜಿನ ಹುಡುಗರು ಬಸ್ಸಿನಲ್ಲಿ ಕಾಲು ತುಳಿದವನಿಗೆ “ನೋಡ್ಕೊಂಡು ನಡಿಯೋ ಮಣ್ಣೋನೆ” ಎನ್ನತೊಡಗಿದರು. ಓದುಗರು ತಾವೇ ಹೊಸೆದ ಪದಗಳನ್ನೂ ಕಳಿಸಿದರು: ಮಳೆಗೂಸು, ಭಾರದವರು, ಬೆವರಪ್ಪ. ಯಾವುದೂ ನಿಲ್ಲಲಿಲ್ಲ, ನಿಂತದ್ದು ಅದೊಂದೇ. ಕೊಂಬಕ್ಕನಿಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಜೀವಮಾನವಿಡೀ ಬೇರೆಯವರ ಪದಕ್ಕೆ ಕೊಂಬು ಇಳಿ ಒತ್ತು ಹಾಕಿದವಳು, ಮೊದಲ ಸಲ ಒಂದು ಪದ ತನ್ನದು ಎನ್ನಿಸಿ ಒಳಗೊಳಗೇ ಹಿಗ್ಗಿದಳು.

ಎರಡನೆಯ ಪುಸ್ತಕದ ಮುನ್ನುಡಿಯಲ್ಲಿ ಮೇಷ್ಟ್ರು ಬರೆದರು: “‘ಮಣ್ಣೋರು’ ಎಂಬ ಪದವನ್ನು ಟಂಕಿಸಿಕೊಟ್ಟವರು ನಮ್ಮ ಕರಡು ತಿದ್ದುವ ಸೋದರಿ.” ಆ ಪುಟ ತಿದ್ದಲು ಬಂದದ್ದು ಅವಳ ಮೇಜಿಗೇ. ಹಸಿರು ಪೆನ್ನು ಕೈಗೆತ್ತಿಕೊಂಡಳು. ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರೆ ಸಾಕಿತ್ತು. ‘ಟಂಕಿಸಿ’ಯ ಸೊನ್ನೆ ಸರಿಯಾಗಿದೆಯೇ ಎಂದು ನೋಡಿ, ಪೆನ್ನನ್ನು ಕೆಳಗಿಟ್ಟಳು.

ಆ ಪುಸ್ತಕವನ್ನು ಮನೆಯಲ್ಲಿ ಟಿವಿಯ ಪಕ್ಕ ಎಲ್ಲರಿಗೂ ಕಾಣುವಂತೆ ಇಟ್ಟವಳು ಮೊಮ್ಮಗಳು. ಒಂಬತ್ತು ವರ್ಷ, ಅರಳು ಹುರಿದಂತೆ ಮಾತು. ಮಗಳು ಅಳಿಯ ಇಬ್ಬರೂ ದುಡಿಯಲು ಹೋಗುವವರು, ಸಂಜೆ ಅಚ್ಚುಮನೆಯಿಂದ ಬಂದ ಅಜ್ಜಿಗೂ ಮೊಮ್ಮಗಳಿಗೂ ಒಬ್ಬರಿಗೊಬ್ಬರು. ಎರಡನೇ ಮಹಡಿಯ ಆ ಮನೆಗೆ ತಿಂಗಳ ಮೊದಲ ಭಾನುವಾರ ತಪ್ಪದೆ ಬರುತ್ತಿದ್ದವನು ಅಣ್ಣ. ಈಗ ಗೂಡಿನ ಬೆಂಕಿ ನೋಡಿಕೊಳ್ಳುವವನು. ಬಂದಾಗಲೆಲ್ಲ ಮೊಮ್ಮಗಳಿಗೆಂದು ಇಟ್ಟಿಗೆಯ ನಡುವೆ ಇಟ್ಟು ಸುಟ್ಟ ಮಣ್ಣಿನ ಗುಬ್ಬಿಯೊಂದನ್ನು ತರುತ್ತಿದ್ದ. ಅವಳು ಅವನನ್ನು ಗೂಡಿನ ತಾತ ಎನ್ನುತ್ತಿದ್ದಳು. ಕೆಳಗಿನ ನಲ್ಲಿಯಲ್ಲಿ ಕಾಲು ತೊಳೆಯದೆ ಅವನು ಮೆಟ್ಟಿಲು ಹತ್ತಿದ್ದಿಲ್ಲ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ.

ಆ ಭಾನುವಾರ ಅವನು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದ. ಹಜಾರದಲ್ಲಿ ಮೊಮ್ಮಗಳೂ ಪಕ್ಕದ ಮನೆಯ ಹುಡುಗಿಯೂ ತಿಂಗಳೂರಿನ ಆಟ ಆಡುತ್ತಿದ್ದರು. ಸೋಫಾ ಚಂದ್ರ, ಚಾಪೆ ಭೂಮಿ. “ಮಣ್ಣೋರು ಬಂದ್ರು! ಮಣ್ಣೋರು ಬಂದ್ರು! ಬಾಗಿಲು ಹಾಕ್ಕೊಳ್ರೋ!”

ಅಣ್ಣನ ಕೈಯಲ್ಲಿದ್ದ ಚಹಾ ಲೋಟ ಅಲ್ಲೇ ನಿಂತಿತು. “ಏನಮ್ಮಾ ಪುಟ್ಟಾ, ಏನಂದೆ?”

“ಮಣ್ಣೋರು, ತಾತಾ! ಭೂಮಿಯವರಿಗೆ ಹಾಗೆ ಬೈಯೋದು. ಎಲ್ರೂ ಬೈತಾರೆ. ಈ ಪದ ಮಾಡಿದ್ದು ಯಾರು ಗೊತ್ತಾ? ನಮ್ಮಜ್ಜಿ!” ಅವಳು ಪುಸ್ತಕ ತಂದು ಮುನ್ನುಡಿಯ ಸಾಲಿನ ಮೇಲೆ ಬೆರಳಿಟ್ಟು ಓದಿ ತೋರಿಸಿದಳು.

ಅಡುಗೆಮನೆಯ ಬಾಗಿಲಲ್ಲಿ ಕೊಂಬಕ್ಕ ನಿಂತಿದ್ದಳು. ಅಣ್ಣ ತಲೆ ಎತ್ತಿ ಅವಳನ್ನು ನೋಡಿದ. ಸಿಟ್ಟಿನ ನೋಟವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಲೆಕ್ಕ ತಪ್ಪಿದವನಂತೆ ನೋಡಿದ.

“ನೀನು ಮಾಡಿದ್ದಾ?” ಎಂದ.

ಅವಳು ಕೈಯಲ್ಲಿದ್ದ ಸೌಟನ್ನು ಸೆರಗಿಗೆ ಒರೆಸಿದಳು. ಅವನು ಚಹಾ ಮುಗಿಸಿ, ಲೋಟ ತೊಳೆದಿಟ್ಟು, “ಬರ್ತೀನಿ” ಎಂದು ಹೊರಟ.

ಮುಂದಿನ ತಿಂಗಳು ಅವನು ಬರಲಿಲ್ಲ. ಫೋನು ಮಾಡಿದರೆ, “ಗೂಡಿಗೆ ಬೆಂಕಿ ಹಾಕಿದೀವಿ ಕಣೇ, ಬಿಡುವಿಲ್ಲ” ಎಂದ. ಅದರ ಮುಂದಿನ ತಿಂಗಳೂ ಅದೇ ಮಾತು. ಹೊರಗೆ ಮಳೆ ಸುರಿಯುತ್ತಿತ್ತು. ಮಳೆಗಾಲದಲ್ಲಿ ಯಾವ ಗೂಡಿಗೂ ಬೆಂಕಿ ಹಾಕುವುದಿಲ್ಲ. ಗೂಡಿನಲ್ಲಿ ಹುಟ್ಟಿದವಳಿಗೆ ಅದು ಗೊತ್ತಿಲ್ಲವೇ? ಅವಳಿಗೆ ಗೊತ್ತು ಎಂಬುದು ಅವನಿಗೂ ಗೊತ್ತಿತ್ತು. ಆದರೂ ಅದನ್ನೇ ಹೇಳಿದ. “ಗೂಡಿನ ತಾತ ಯಾಕಜ್ಜಿ ಬರ್ತಿಲ್ಲ?” ಎಂದು ಮೊಮ್ಮಗಳು ಕೇಳಿದಾಗ ಕೊಂಬಕ್ಕ ಸ್ನಾನದ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅವನನ್ನು ಕಳೆದುಕೊಂಡರೆ ತನ್ನ ಬಾಲ್ಯಕ್ಕೆ ಇನ್ನೊಬ್ಬ ಸಾಕ್ಷಿಯಿಲ್ಲ ಎಂಬ ಭಯ ಅವಳನ್ನು ಹಿಡಿದುಕೊಂಡಿತ್ತು.

ಹೋಗಿ ಕಾಲು ಹಿಡಿಯಬಹುದಿತ್ತು. ಆದರೆ ಏನೆಂದು ಹೇಳುವುದು? ಅಚ್ಚಾದದ್ದನ್ನು ಬಾಯಿಮಾತಿನಲ್ಲಿ ಅಳಿಸಲು ಬರುವುದಿಲ್ಲ ಎಂಬುದು ಕರಡು ತಿದ್ದುವವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಷ್ಟರಲ್ಲಿ ತಿಂಗಳೂರಿನ ಕೊನೆಯ ಪುಸ್ತಕ ಬಂತು. ಮೇಷ್ಟ್ರ ಕೈ ನಡುಗತೊಡಗಿದ್ದರಿಂದ ಈ ಸಲ ಅವರು ಬರೆದಿರಲಿಲ್ಲ. ಮೊಬೈಲಿಗೆ ಹೇಳಿ, ಧ್ವನಿಯನ್ನು ಕಳಿಸಿದ್ದರು. ಹುಡುಗಿ ಕೇಳಿಕೊಂಡು ಟೈಪು ಮಾಡಿದ್ದಳು. ಕೊಂಬಕ್ಕ ಮೊದಲ ಪುಟ ತೆಗೆದಳು. ತಿಂಗಳೂರಿನ ಬಾಗಿಲು ಕಾಯುವ ಮುದುಕಿ ಕೂಗುತ್ತಿದ್ದಳು: “ದರಿದ್ರ ಮನೆಯೋರು! ಗಾಳಿಯೆಲ್ಲಾ ಇವರೇ ಕುಡಿದು ಮುಗಿಸ್ತಾರೆ!”

ಕೊಂಬಕ್ಕ ಕನ್ನಡಕ ಒರೆಸಿ ಮತ್ತೆ ನೋಡಿದಳು. ಮುಂದಿನ ಪುಟದಲ್ಲಿ: “ಈ ಮನೆಯೋರನ್ನ ನಂಬಿದ್ರೆ ಕೆಟ್ಟಂತೆ.” ಅದರ ಮುಂದೆ: “ಮನೆಯೋರಿಗೆ ಸ್ನಾನ ಅಂದ್ರೆ ಗೊತ್ತಿಲ್ಲ, ನಾತ ತಡಿಯೋಕಾಗಲ್ಲ.”

ಪಕ್ಕದಿಂದ ಹುಡುಗಿ ಇಣುಕಿ, “ನಂಗೂ ಆಶ್ಚರ್ಯ ಆಯ್ತು ಅಕ್ಕಾ. ಮೇಷ್ಟ್ರು ಈ ಸಲ ಗಂಡಂದಿರ ಮೇಲೆ ಯಾಕೋ ಗರಂ ಆಗಿದಾರೆ ಅಂದ್ಕೊಂಡೆ” ಎಂದಳು. ಕೊಂಬಕ್ಕನ ಮನೆಯವರು ತೀರಿಕೊಂಡು ಹನ್ನೆರಡು ವರ್ಷ. ಸ್ನಾನದ ವಿಷಯದಲ್ಲಿ ಅವರೂ ಅಷ್ಟಕ್ಕಷ್ಟೇ. ಅವಳಿಗೆ ನಗು ತಡೆಯಲಾಗದೆ ಕನ್ನಡಕ ಮೇಜಿನ ಮೇಲೆ ಬಿತ್ತು. ತಿಂಗಳುಗಳ ಮೇಲೆ ಅವಳು ಹಾಗೆ ನಕ್ಕದ್ದು.

ಧ್ವನಿ ಹಾಕಿ ಕೇಳಿದಾಗ ಗುಟ್ಟು ಬಯಲಾಯಿತು. ಮೇಷ್ಟ್ರು ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡಿದ್ದರು. ಣಕಾರ ಹೇಳಲು ನಾಲಿಗೆ ಹಿಂದಕ್ಕೆ ಮಡಚಬೇಕು. ಸೆಟ್ಟಿನ ಅಂಗುಳದ ತಟ್ಟೆ ಅಡ್ಡ ಬಂದು ನಾಲಿಗೆ ಮಡಚುತ್ತಿರಲಿಲ್ಲ. ಅವರ ಹಣ್ಣು ‘ಹನ್ನು’ ಆಗಿತ್ತು, ಕಣ್ಣು ‘ಕನ್ನು’ ಆಗಿತ್ತು. ಮಣ್ಣೋರು ‘ಮನ್ನೋರು’ ಆಗಿ, ಹುಡುಗಿಯ ಕಿವಿಯಲ್ಲಿ ‘ಮನೆಯೋರು’ ಆಗಿ ಕೂತಿತ್ತು. ನಲವತ್ತಮೂರು ಕಡೆ.

ಅವಳು ಕೆಂಪು ಪೆನ್ನು ಹಿಡಿದು ಒಂದೊಂದನ್ನೇ ಹೊಡೆದು ತಿದ್ದುತ್ತ ಹೋದಳು. ಮಣ್ಣೋರು. ಮಣ್ಣೋರು. ಮಣ್ಣೋರು. ಒಂದೊಂದು ಸಲ ಬರೆಯುವಾಗಲೂ ಅದು ಇನ್ನಷ್ಟು ಭಾರವಾಯಿತು. ಹತ್ತನೆಯದಕ್ಕೆ ನಗು ನಿಂತಿತ್ತು. ಮೂವತ್ತನೆಯದಕ್ಕೆ ಕೈ ನೋಯತೊಡಗಿತು. ಅಣ್ಣನ ಬೆನ್ನ ಮೇಲೆ ಕಲ್ಲು ಎಸೆದ ಹಾಗೆ ಅನ್ನಿಸಿತು.

ನಲವತ್ತಮೂರನೆಯದು ಕೊನೆಯ ಪುಟದಲ್ಲಿತ್ತು. ಭೂಮಿಯಿಂದ ಬಂದ ಹಡಗಿನಲ್ಲಿ ಗಾಳಿ ಮುಗಿದಿದೆ. ಮೂವತ್ತು ಜನ ತಿಂಗಳೂರಿನ ಹೊರಬಾಗಿಲು ಬಡಿಯುತ್ತಿದ್ದಾರೆ. ಒಳಗೆ ತೆಗೆಯಬೇಕೋ ಬೇಡವೋ ಎಂದು ಜಗಳ. ಮೂರು ಪುಸ್ತಕಗಳ ಉದ್ದಕ್ಕೂ ಎಲ್ಲರಿಗಿಂತ ಹೆಚ್ಚು ಬೈದ ಆ ಮುದುಕಿಯೇ ಎದ್ದು ಹೋಗಿ ಚಿಲಕಕ್ಕೆ ಕೈ ಹಾಕುತ್ತಾಳೆ. “ಯಾರು ಬಂದಿರೋದು?” ಎಂದು ಹಿಂದಿನಿಂದ ಯಾರೋ ಕೂಗುತ್ತಾರೆ. ಮುದುಕಿ ಹೇಳುತ್ತಾಳೆ: “ಮನೆಯೋರು.”

ಅಲ್ಲಿಗೆ ಪುಸ್ತಕ ಮುಗಿದಿತ್ತು.

ಕೊಂಬಕ್ಕ ಆ ಸಾಲಿನ ಮೇಲಿಂದ ಕೆಂಪು ಪೆನ್ನು ತೆಗೆದು ಮುಚ್ಚಿಟ್ಟಳು. ಅದನ್ನು ಹಾಗೇ ಬಿಟ್ಟರೆ ಕೇಳುವವರಿಲ್ಲ. ಆದರೆ ಮೂವತ್ತೊಂದು ವರ್ಷ ಮಾಡದ್ದನ್ನು ಈಗ ಮಾಡಲು ಮನಸ್ಸು ಬರಲಿಲ್ಲ. ಒಮ್ಮೆ ಸುಮ್ಮನಿದ್ದು ಆದ ಅನಾಹುತವೇ ಸಾಕಾಗಿತ್ತು. ಹಸಿರು ಪೆನ್ನಿನಿಂದ ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪುಟವನ್ನು ಚೀಲಕ್ಕೆ ಹಾಕಿಕೊಂಡು ಮಧ್ಯಾಹ್ನವೇ ಮೇಷ್ಟ್ರ ಮನೆಗೆ ನಡೆದಳು.

ಮೇಷ್ಟ್ರು ಹಲ್ಲುಸೆಟ್ಟು ತೆಗೆದು ಬಟ್ಟಲಲ್ಲಿಟ್ಟು ಆರಾಮಾಗಿ ಕೂತಿದ್ದರು. ಅವಳನ್ನು ಕಂಡು ಗಡಿಬಿಡಿಯಲ್ಲಿ ಹಾಕಿಕೊಂಡರು. ನಲವತ್ತಮೂರು ಮನೆಯೋರ ಕಥೆ ಕೇಳಿ ಕೆಮ್ಮು ಬರುವಷ್ಟು ನಕ್ಕರು. ಕೊನೆಯ ಪುಟ ನೋಡಿ ನಗು ನಿಲ್ಲಿಸಿದರು.

“ಇದನ್ಯಾಕೆ ಬಿಟ್ರಿ? ಇದೂ ಮನ್ನೋರೇ. ಬೈದ ಬಾಯಲ್ಲೇ ಪ್ರೀತಿಯಿಂದ ಹೇಳ್ತಾಳೆ ಅನ್ನೋದೇ ನನ್ನ ಕಥೆ. ಆ ಪದ ತೆಗೆದ್ರೆ ನನ್ನ ಪುಸ್ತಕ ಪೂರ್ತಿ ಮನ್ನುಪಾಲು!”

“ಪ್ರೀತಿಯಿಂದ ಹೇಳಿದ್ರೂ ಅದು ಅದೇ ಪದ, ಮೇಷ್ಟ್ರೇ.”

“ಪದ ಕೊಟ್ಟೋರು ನೀವೇ ತಾನೇ?”

“ಅದೇ ತಪ್ಪು. ನಾನು ಮಾಡಿದ ಪದ ಅಲ್ಲ ಅದು.”

ಅವಳು ಹೇಳಿದಳು. ಗೂಡು, ಜಗಲಿ, ನಲ್ಲಿ, ಸ್ಲೇಟು, ಗೆರೆ, ಒಂದನ್ನೂ ಬಿಡದೆ. ಐವತ್ತು ವರ್ಷ ಒಳಗಿಟ್ಟುಕೊಂಡದ್ದು ಇಷ್ಟು ಸಣ್ಣ ಕಥೆಯೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಮೇಷ್ಟ್ರು ಕೊನೆಯವರೆಗೂ ಕೇಳಿದರು. ಆಮೇಲೆ, “ಹುಡುಗನಿಗೆ ಲೆಕ್ಕ ಬರ್ತಿತ್ತಾ?” ಎಂದರು.

“ನನಗಿಂತ ಚೆನ್ನಾಗಿ.”

“ಹ್ಞೂ. ನಾನೂ ಮೂವತ್ತು ವರ್ಷ ಹಾಜರಿ ಕರೆದೋನಮ್ಮಾ. ಎಷ್ಟು ಹೆಸರಿನ ಮೇಲೆ ಗೆರೆ ಎಳೆದಿದೀನೋ. ಯಾಕೆ ಬರ್ತಿಲ್ಲ ಅಂತ ಕೇಳಿದ್ದು ಕಮ್ಮಿ.” ಅವರು ಅವಳ ಚೀಲದಿಂದ ಹಸಿರು ಪೆನ್ನನ್ನು ತಾವೇ ತೆಗೆದುಕೊಂಡರು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಪ್ರಶ್ನಾರ್ಥಕ ಚಿಹ್ನೆಯ ಪಕ್ಕ ಸೊಟ್ಟ ಸೊಟ್ಟಾಗಿ ಬರೆದರು: ‘ಇರಲಿ’.

“ಮುನ್ನುಡಿದು?” ಎಂದಳು ಅವಳು.

“ಅದು ಅಚ್ಚಾಗಿ ಹೋಗಿದೆಯಲ್ಲ. ಈ ಪುಸ್ತಕದ ಕೊನೇಲಿ ತಪ್ಪು–ಒಪ್ಪು ಪಟ್ಟಿ ಇರುತ್ತಲ್ಲ, ಅಲ್ಲಿ ನೀವೇ ಹಾಕಿ. ನಾನು ನೋಡೋದೂ ಇಲ್ಲ.”

ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಕಂಬಸಾಲು. ಎಡಕ್ಕೆ ತಪ್ಪು, ಬಲಕ್ಕೆ ಒಪ್ಪು. ಹಿಂದಿನ ಪುಸ್ತಕಗಳ ಬಿಟ್ಟುಹೋದ ಕೊಂಬು, ದೀರ್ಘ, ಒತ್ತುಗಳ ಕೆಳಗೆ ಅವಳು ಕೊನೆಯದಾಗಿ ಒಂದು ಸಾಲು ಸೇರಿಸಿದಳು. ತಪ್ಪು: “‘ಮಣ್ಣೋರು’ — ಕರಡು ತಿದ್ದುವ ಸೋದರಿ ಟಂಕಿಸಿದ ಪದ.” ಒಪ್ಪು: “‘ಮಣ್ಣೋರು’ — ಆಕೆಯ ಅಣ್ಣನಿಗೆ ಶಾಲೆ ಬಿಡಿಸಿದ ಪದ.”

ಮಳೆ ನಿಂತು ಗೂಡಿನ ಕೆಲಸ ಶುರುವಾದ ಮೇಲೆ ಪುಸ್ತಕ ಹೊರಬಂತು. ಭಾನುವಾರ ಬೆಳಿಗ್ಗೆ ಮೊಮ್ಮಗಳು ಅಭ್ಯಾಸದಂತೆ ಅದನ್ನು ಹಿಂದಿನಿಂದ ತೆರೆದು ಆ ಹಾಳೆ ಓದಿದಳು. ಓದಿ ಅಜ್ಜಿಯ ಮುಖ ನೋಡಿದಳು. ಕೊಂಬಕ್ಕ ಇನ್ನಾವುದನ್ನೂ ವಿವರಿಸಲು ಹೋಗಲಿಲ್ಲ. ಇನ್ನೊಂದು ಪ್ರತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಗೂಡಿನ ಬಯಲಿನಲ್ಲಿ ಹಸಿ ಇಟ್ಟಿಗೆಗಳು ಸಾಲು ಸಾಲಾಗಿ ಒಣಗುತ್ತಿದ್ದವು. ಚಪ್ಪಲಿ ಜೇಡಿಯಲ್ಲಿ ಹೂತು ಕಿತ್ತು ಬಂತು. ಕೈಯಲ್ಲಿ ಹಿಡಿದುಕೊಂಡು ನಡೆದಳು. ಅಣ್ಣ ಮರದ ಅಚ್ಚು ಹಿಡಿದು ಒಡೆದ ಮೂಲೆಯನ್ನು ನೋಡುತ್ತಿದ್ದವನು ತಲೆ ಎತ್ತಿದ. ಎದ್ದು ನಿಂತ.

ಅವಳು ಪುಸ್ತಕದ ಕೊನೆಯ ಹಾಳೆ ತೆರೆದು ಕೊಟ್ಟಳು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು, ಪುಸ್ತಕವನ್ನು ದೂರ ಹಿಡಿದು, ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಓದಿದ. ನಾಲ್ಕನೇ ತರಗತಿಯ ಓದು. ‘ಟಂಕಿಸಿದ’ದ ಬಳಿ ಎಡವಿದ. ‘ಶಾಲೆ ಬಿಡಿಸಿದ’ದ ಬಳಿ ಎಡವಲಿಲ್ಲ. ಓದಿ ಮುಗಿದರೂ ಬೆರಳು ಅಲ್ಲೇ ನಿಂತಿತ್ತು.

ಆಮೇಲೆ ಒಂದು ಹಾಳೆ ಹಿಂದಕ್ಕೆ ತಿರುಗಿಸಿದ. ಕಥೆಯ ಕೊನೆಯ ಪುಟ. ಬಾಗಿಲು ಬಡಿಯುವ ಭೂಮಿಯವರನ್ನು ದಾಟಿ ಬೆರಳು ಕೊನೆಯ ಪದಕ್ಕೆ ಬಂತು.

“ಮ... ನೆ... ಯೋ... ರು,” ಎಂದು ಓದಿ ಹುಬ್ಬು ಗಂಟಿಕ್ಕಿದ. “ಮಣ್ಣೋರು ಅಂತ ಇರಬೇಕಲ್ವೇನೇ? ಇಲ್ಲೂ ತಪ್ಪಾಗಿದೆ.”

“ಹ್ಞೂ ಅಣ್ಣ,” ಎಂದಳು. “ತಪ್ಪಾಯ್ತು.”

ಅವನು ಅವಳ ಮುಖ ನೋಡಿದ. ಅವಳು ಯಾವ ತಪ್ಪಿನ ಮಾತು ಆಡುತ್ತಿದ್ದಾಳೆ ಎಂಬುದು ತಿಳಿಯದಷ್ಟು ದಡ್ಡನಲ್ಲ ಅವನು.

“ತಿದ್ದೋಕೆ ಬರಲ್ವಾ?”

“ಇಲ್ಲ. ಅಚ್ಚಾಗಿಬಿಟ್ಟಿದೆ.”

ಅವನು ಪುಸ್ತಕ ಮುಚ್ಚಿ ಅಂಗಿಯ ಒಳಗಿಟ್ಟುಕೊಂಡ. “ಇರ್ಲಿ ಬಿಡು,” ಎಂದ. ಮೇಷ್ಟ್ರು ಬರೆದ ಅದೇ ಪದ. ಅವಳು ನಿಂತಲ್ಲೇ ಅತ್ತುಬಿಟ್ಟಳು. ಅವನು ಯಾರಾದರೂ ನೋಡಿಯಾರೆಂದು ಅತ್ತಿತ್ತ ನೋಡಿ, “ಅಳಬೇಡ್ವೇ, ಹಸಿ ಇಟ್ಟಿಗೆ ಮೇಲೆ ನೀರು ಬಿದ್ರೆ ಹಾಳಾಗುತ್ತೆ” ಎಂದ. ಅಳುವಿನ ನಡುವೆಯೇ ಅವಳಿಗೆ ನಗು ಬಂತು.

“ಹೊತ್ತಾಯ್ತು, ಕಾಲು ತೊಳ್ಕೋ. ಬಿಟ್ಟು ಬರ್ತೀನಿ ನಡಿ,” ಎಂದು ತೊಟ್ಟಿಯ ಕಡೆಗೆ ತಿರುಗಿದ. ಶಾಲೆಗೆ ಬಿಟ್ಟು ಬರುವಾಗಲೂ ಅವನು ಇದನ್ನೇ ಹೇಳುತ್ತಿದ್ದ.

“ಬೇಡ,” ಎಂದಳು ಅವಳು. “ಹೀಗೇ ಹೋಗೋಣ.”

ಬಸ್ಸಿನಲ್ಲಿ ಜನ ಅವರ ಕಾಲು ನೋಡಿದರು. ಕಂಡಕ್ಟರು ಏನೋ ಗೊಣಗಿದ. ಮನೆಯ ಕೆಳಗಿನ ನಲ್ಲಿಯ ಬಳಿ ಅಣ್ಣ ಅಭ್ಯಾಸದಂತೆ ನಿಂತ. ಅವಳು ನಿಲ್ಲದೆ ಅವನ ತೋಳು ಹಿಡಿದು ಮೆಟ್ಟಿಲ ಕಡೆಗೆ ಎಳೆದಳು. ಒರೆಸಿಟ್ಟ ಬಿಳಿ ಮೆಟ್ಟಿಲುಗಳ ಮೇಲೆ ನಾಲ್ಕು ಕಾಲಿನ ಕೆಂಪು ಗುರುತು ಎರಡನೇ ಮಹಡಿಯವರೆಗೂ ಬಿತ್ತು. ಎದುರು ಮನೆಯಾಕೆ ಬಾಗಿಲು ಅರ್ಧ ತೆರೆದು ನೋಡಿದಳು. ಕೊಂಬಕ್ಕ ಅವಳ ಕಡೆ ನೋಡಿ ತಲೆಯಾಡಿಸಿದಳು.

ಬೆಲ್ಲು ಒತ್ತಿದಾಗ ಒಳಗಿನಿಂದ ಮೊಮ್ಮಗಳ ದನಿ ಬಂತು. “ಯಾರು?”

ಅಣ್ಣ ಹೇಳಲು ಬಾಯಿ ತೆರೆದ. ಅವಳೇ ಮೊದಲು ಹೇಳಿದಳು, ಎದುರು ಮನೆಗೂ ಕೆಳಗಿನ ಮಹಡಿಗೂ ಕೇಳುವಷ್ಟು ಗಟ್ಟಿಯಾಗಿ:

“ಮಣ್ಣೋರು ಕಣೇ! ಇಬ್ಬರಿದೀವಿ. ಬಾಗಿಲು ತೆಗಿ.”

ಒಳಗೆ ಓಡಿ ಬರುವ ಹೆಜ್ಜೆಯ ಸದ್ದಾಯಿತು, ಚಿಲಕ ಸರಿಯಿತು.